ಉದ್ರಿ ಪುಸ್ತಕದ ಊರು

ಗೋಕರ್ಣದಲ್ಲಿ ಮಹಾಬಲೇಶ್ವರ ದೇವಸ್ಥಾನ ದಾಟಿ ಕಡಲಿಗೆ ಇಳಿಯುವ ದಾರಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಅಪ್ಪನ ಕಾಲದಲ್ಲಿ ಅದಕ್ಕೊಂದು ಬೋರ್ಡೂ ಇರಲಿಲ್ಲ. ಈಗ ತಮ್ಮ ನೋಡಿಕೊಳ್ಳುತ್ತಾನೆ, ಗಾಜಿನ ಬಾಗಿಲು ಬಂದಿದೆ. ಯಾವ ತಿಂಗಳಲ್ಲಿ ಗೋಕರ್ಣಕ್ಕೆ ಹೋದರೆ ಒಳ್ಳೆಯದು ಎಂದು ಹುಬ್ಬಳ್ಳಿಯ ನನ್ನ ಆಫೀಸಿನಲ್ಲಿ ಯಾರಾದರೂ ಕೇಳಿದರೆ, ನವೆಂಬರಿನಿಂದ ಫೆಬ್ರವರಿ ಎಂದು ಹೇಳಿ ಮುಗಿಸುತ್ತೇನೆ. ಅವರಿಗೆ ಬೇಕಾದದ್ದು ಅಷ್ಟೇ. ನಮ್ಮ ಅಂಗಡಿಯ ಮಟ್ಟಿಗೆ ಮಾತ್ರ ವರ್ಷ ಶುರುವಾಗುತ್ತಿದ್ದದ್ದು ಮೇ ಕೊನೆಯಲ್ಲಿ, ಪರವೂರಿನವರೆಲ್ಲ ಹೋಗಿ ಮುಗಿದ ಮೇಲೆ.

ಮೇ ತಿಂಗಳಲ್ಲಿ ಅಪ್ಪ ಕುಮಟೆಗೆ ಹೋಗಿ ಮಳೆಗಾಲದ ಸಾಮಾನು ಹಾಕಿಸಿಕೊಂಡು ಬರುತ್ತಿದ್ದ. ಕುಚ್ಚಲಕ್ಕಿ ಚೀಲ, ಬೆಲ್ಲ, ಒಣಮೆಣಸು, ಚಹಾಪುಡಿ, ಬ್ಯಾಟರಿ ಸೆಲ್ಲು, ಸೀಮೆಎಣ್ಣೆ ದೀಪದ ಬತ್ತಿ, ನೈಲಾನ್ ಹಗ್ಗ, ತಲೆ ಮೇಲೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕೊಪ್ಪೆ. ದಾರಿಯಲ್ಲಿ ಹೆದ್ದಾರಿ ಬದಿಗೆ ಕುಮಟೆಯ ಸಿಹಿ ಈರುಳ್ಳಿಯನ್ನು ಗೊಂಚಲು ಕಟ್ಟಿ ಸಾಲಾಗಿ ತೂಗುಹಾಕಿರುತ್ತಿದ್ದರು. ಅದರದ್ದೂ ನಾಲ್ಕಾರು ಗೊಂಚಲು ಬರುತ್ತಿತ್ತು. ಅವ್ವ ಅದನ್ನು ಒಲೆಯ ಮೇಲಿನ ಜಂತಿಗೆ ಕಟ್ಟುತ್ತಿದ್ದಳು, ಹೊಗೆ ತಾಗಿದರೆ ಮೊಳಕೆ ಬಾರದೆಂದು. ಮನೆಯ ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟುವುದು, ಕಟ್ಟಿಗೆ ಒಳಗೆ ಸೇರಿಸುವುದು, ಹಲಸಿನ ಹಪ್ಪಳ ಒಣಗಿಸಿ ಡಬ್ಬಿಗೆ ತುಂಬುವುದು ಎಲ್ಲ ಅದೇ ಹದಿನೈದು ದಿನಗಳ ಕೆಲಸ. ತದಡಿಯಲ್ಲಿ ಹೆಂಗಸರು ಮರಳ ಮೇಲೆ ಹರಡಿದ ಮೀನು ತಿರುವಿಹಾಕುತ್ತಿದ್ದರು. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ಪರವೂರಿನವರು. ನಮಗೆ ಅದು ಜುಲೈ ತಿಂಗಳ ಸಾರು.

ಉಪ್ಪು ಮಾತ್ರ ಕುಮಟೆಯಿಂದ ಬರುತ್ತಿರಲಿಲ್ಲ. ಅದು ನಮ್ಮ ಮಗ್ಗುಲಿನ ಸಾಣಿಕಟ್ಟಾದ್ದು. ಆಗರದಲ್ಲಿ ಉಪ್ಪು ಆಗುವುದನ್ನು ಚಿಕ್ಕಂದಿನಲ್ಲಿ ಎಷ್ಟು ಹೊತ್ತು ನಿಂತು ನೋಡಿದ್ದೇನೋ. ಭರತಿಯ ಹೊತ್ತಿಗೆ ಅಘನಾಶಿನಿಯ ಉಪ್ಪುನೀರನ್ನು ತೂಬು ತೆರೆದು ಒಳಗೆ ಬಿಡುತ್ತಾರೆ. ಅದು ದೊಡ್ಡ ಕೆರೆಯಿಂದ ಸಣ್ಣದಕ್ಕೆ, ಸಣ್ಣದರಿಂದ ಇನ್ನೂ ಸಣ್ಣದಕ್ಕೆ ಹಾಯುತ್ತ ಹೋಗಿ, ಕೊನೆಯ ಚೌಕಗಳಿಗೆ ಬರುವಾಗ ದಪ್ಪಗಾಗಿರುತ್ತದೆ. ಬಿಸಿಲಿಗೆ ಅದರ ಮೇಲೆ ಮೊದಲು ತೆಳ್ಳಗೆ ಕೆನೆ, ಆಮೇಲೆ ಹರಳು. ಉದ್ದ ಹಿಡಿಯ ಮರದ ಹಲಗೆಯಿಂದ ಅದನ್ನು ಬದುವಿಗೆ ಎಳೆದು, ನೀರು ಸೋರಿದ ಮೇಲೆ ಬುಟ್ಟಿಯಲ್ಲಿ ಹೊತ್ತು ರಾಶಿಗೆ ಸುರಿಯುತ್ತಾರೆ. ಹೊರುವವರು ಹೆಚ್ಚಾಗಿ ಹೆಂಗಸರು. ಬುಟ್ಟಿಯಿಂದ ಇಳಿಯುವ ನೀರು ಕುತ್ತಿಗೆಗೆ, ಬೆನ್ನಿಗೆ ಹರಿದು ಅಲ್ಲೇ ಒಣಗಿ ಬಿಳಿ ಗೆರೆಯಾಗಿ ನಿಲ್ಲುತ್ತಿತ್ತು. ಜನವರಿಯಿಂದ ಮೇವರೆಗೆ ಈ ಕೆಲಸ. ಮಳೆ ಒಂದು ವಾರ ಮೊದಲೇ ಬಿದ್ದರೆ ಉಪ್ಪಿನ ಜೊತೆ ಆ ವಾರದ ಕೂಲಿಯೂ ಕರಗಿತು. ಕಂದು ಛಾಯೆಯ ಈ ದಪ್ಪ ಉಪ್ಪು ಮೀನಿಗೆ, ಮಿಡಿ ಉಪ್ಪಿನಕಾಯಿಗೆ, ತೆಂಗಿನಮರದ ಬುಡಕ್ಕೆ ಬೇಕೇ ಬೇಕು. 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಕರ್ನಾಟಕದಲ್ಲಿ ಅಂಕೋಲೆಯೇ ಮುಂದಾದದ್ದನ್ನು ನಮಗೆ ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಡುತ್ತಿದ್ದರು. ಉಪ್ಪು ಹೊರುವವರ ಮಕ್ಕಳು ಅದೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿರುತ್ತಿದ್ದರು.

ಜೂನ್ ಬಂತೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆ ಮುಚ್ಚಿ ಉದ್ರಿ ಪುಸ್ತಕ ತೆರೆಯುತ್ತಿತ್ತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದೆ. ನಾನು ಚಿಕ್ಕವನಿದ್ದಾಗ ಸರ್ಕಾರದ ನಿಷೇಧ ಇಷ್ಟು ಉದ್ದ ಇರಲಿಲ್ಲ, ಇದ್ದರೂ ಅದನ್ನು ಕೇಳಿ ಯಾರೂ ನಿಲ್ಲಬೇಕಾಗಿರಲಿಲ್ಲ. ಮಿರ್ಗದ ಮಳೆ ಹಿಡಿದ ಮೇಲೆ ಕಡಲಿಗೆ ದೋಣಿ ಹಾಕುವ ಹುಚ್ಚು ಯಾರಿಗಿದೆ? ಒಂದಿಬ್ಬರು ಬೀಸುಬಲೆ ಹಿಡಿದು ಗಂಗಾವಳಿಯ ಅಳಿವೆಗೋ ತೋಡಿಗೋ ಹೋಗುತ್ತಿದ್ದರು. ಹೊಸ ನೀರಿಗೆ ಗದ್ದೆ ಹತ್ತಿ ಬರುವ ಮೀನನ್ನು ಹುಡುಗರು ಟಾರ್ಚು ಬಿಟ್ಟು ಕಡಿಯುತ್ತಿದ್ದರು. ಮಿಕ್ಕವರು ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ಕೈಯಲ್ಲಿ ದುಡ್ಡಿಲ್ಲ, ಮನೆಯಲ್ಲಿ ಬಾಯಿಗಳಿವೆ. ಆದ್ದರಿಂದ ಉದ್ರಿ.

ಆ ಪುಸ್ತಕ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯದು. ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆಂದು ಅಪ್ಪ ಪೆನ್ಸಿಲಿನಲ್ಲೇ ಬರೆಯುತ್ತಿದ್ದ. ಪೆನ್ಸಿಲಿನ ಲೆಕ್ಕವನ್ನು ಅಳಿಸಬಹುದಲ್ಲ ಎಂದು ಯಾರೂ ಕೇಳಿದ್ದು ನಾನು ಕಾಣೆ. ಪುಟದ ತಲೆಯಲ್ಲಿ ಹೆಸರಿನ ಬದಲು ಗುರುತು: ಬಾವಿಕಟ್ಟೆಯ ಮನೆ, ಹೊಸ ದೋಣಿಯವರು, ಮುಂಬಯಿಯ ಅಳಿಯ. ಅಕ್ಕಿ ಮೂರು ಸೇರು, ಚಹಾಪುಡಿ, ಬೀಡಿ ಕಟ್ಟು, ಮಗುವಿನ ಬಿಸ್ಕಿಟು. ಬಿಸ್ಕಿಟಿನ ದುಡ್ಡನ್ನು ಕೆಲವೊಮ್ಮೆ ಬರೆಯದೆ ಬಿಡುತ್ತಿದ್ದ, ಬೀಡಿಯದ್ದನ್ನು ಎಂದೂ ಬಿಟ್ಟವನಲ್ಲ. ಸೊಪ್ಪು ತರುವ ಹಾಲಕ್ಕಿ ಗೌಡತಿಯದು ಮಾತ್ರ ತಲೆಕೆಳಗಾದ ಪುಟ. ಯಶವಂತ ಚಿತ್ತಾಲರಿಂದಾಗಿ ಕನ್ನಡದ ಓದುಗರಿಗೆಲ್ಲ ಗೊತ್ತಿರುವ ಹನೇಹಳ್ಳಿಯ ಕಡೆಯಿಂದ, ಕೊರಳ ತುಂಬ ಮಣಿಸರ ಹಾಕಿಕೊಂಡು, ಹರಿವೆ, ಬಸಳೆ, ಬೆಂಡೆಯ ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದಳು. ಅವಳ ಪುಟದಲ್ಲಿ ನಾವೇ ಸಾಲಗಾರರು. ಸುಗ್ಗಿ ಹಬ್ಬದ ಹೊತ್ತಿಗೆ ಅಪ್ಪ ಚುಕ್ತಾ ಮಾಡಬೇಕು. ಅವಳಿಗೆ ಓದು ಬಾರದು. ಆದರೂ ಲೆಕ್ಕ ಹೇಳುವಾಗ ಪುಸ್ತಕ ನೋಡುತ್ತಿದ್ದವನು ಅಪ್ಪ, ನೋಡದೆ ಹೇಳುತ್ತಿದ್ದವಳು ಅವಳು.

ಈ ಉದ್ರಿಯನ್ನು ಬಡವರ ಮೇಲಿನ ದಯೆ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಶುದ್ಧ ವ್ಯಾಪಾರ. ಜೂನ್‌ನಲ್ಲಿ ಕೊಡದ ಅಂಗಡಿಗೆ ಸೆಪ್ಟೆಂಬರಿನಲ್ಲಿ ಯಾರೂ ಬರುವುದಿಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ಕೊಡದಿದ್ದರೆ ಕೆಟ್ಟವನೆಂಬ ಹೆಸರು, ಕೊಟ್ಟರೆ ಸ್ವಲ್ಪ ಹೆಚ್ಚು ದರ. ಆ ಹೆಚ್ಚು ದರದ ಬಗ್ಗೆ ಎರಡೂ ಕಡೆಯವರಿಗೆ ತಿಳಿದಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಆದರೆ ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ದೋಣಿಗೆ ಎಂಜಿನ್ನು ಕೈಕೊಟ್ಟಿದೆ, ಯಾರ ಮಗಳ ಮದುವೆ ಮುಂದೆ ಹೋಯಿತು ಎಂಬುದೆಲ್ಲ ತಿಳಿಯದೆ ಈ ವ್ಯಾಪಾರ ನಡೆಯುವಂತಿರಲಿಲ್ಲ. ಊರಿಗೆ ಊರಿನ ಸುದ್ದಿ ಬೇಕಾಗಿದ್ದದ್ದೇ ಆ ನಾಲ್ಕು ತಿಂಗಳು.

ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದರೆ ಹೊಸ ಮೀನುಗಾರಿಕೆಗೆ ಅಪ್ಪಣೆ ಸಿಕ್ಕಂತೆ. ಮೊದಲ ದಿನಗಳ ಬಂಗಡೆ, ತಾರ್ಲೆ ಮನೆಗೆ ಬಂದಾಗ ಅವ್ವ ಒಣಮೀನಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿಬಿಡುತ್ತಿದ್ದಳು. ಉದ್ರಿ ಪುಟಗಳ ಮೇಲೆ ಅಡ್ಡಗೆರೆ ಬೀಳತೊಡಗುತ್ತಿತ್ತು. ಚೌತಿಗೆ ಮುಂಬಯಿ, ಗೋವೆಗೆ ದುಡಿಯಲು ಹೋದವರು ವಾಪಸು ಬಂದು, ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಕಾಡುಹಣ್ಣು, ಹೀರೆ, ಸೌತೆ, ಅಡಕೆಸಿಂಗಾರ ಹುಡುಕುತ್ತ ತಿರುಗುತ್ತಿದ್ದರು. ಅವರ ಜೇಬಿನ ನೋಟು ನೋಡಿ ನಮಗೂ ಹೊರಗೆ ಹೋಗಬೇಕೆಂಬ ಆಸೆ ಹುಟ್ಟುತ್ತಿತ್ತು. ನಾನು ಹೋದೆ, ತಮ್ಮ ಉಳಿದ.

ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ದೇವರಿಗೇ ಮದುವೆ. ಆಶ್ವಯುಜ ಬಹುಳ ಅಷ್ಟಮಿಗೆ ಗಂಗಾವಳಿಯ ಗಂಗಾಮಾತೆಯ ಗುಡಿಯಲ್ಲಿ ನಿಶ್ಚಯ, ನರಕ ಚತುರ್ದಶಿಗೆ ಸಮುದ್ರ ತೀರದಲ್ಲಿ ಶಿವನಿಗೂ ಗಂಗೆಗೂ ಲಗ್ನ. ವರ ಗೋಕರ್ಣದವನು, ವಧು ಹೊಳೆಯಾಚೆಯವಳಲ್ಲ, ಹೊಳೆಯೇ. ಪರವೂರಿನವರಿಗೆ ಶಿವರಾತ್ರಿ ಗೊತ್ತು, ಈ ಮದುವೆ ಗೊತ್ತಿರುವುದು ಕಡಿಮೆ. ಮರಳಿನಲ್ಲಿ ನಡೆಯುವ ಈ ಲಗ್ನಕ್ಕೆ ಊರಿನವರೇ ನೆಂಟರು, ಊರಿನವರೇ ಬೀಗರು. ಯಾವ ದೊಡ್ಡ ಸದ್ದೂ ಇಲ್ಲದೆ ಮುಗಿದು, ಎಲ್ಲರೂ ಎಣ್ಣೆಸ್ನಾನದ ಹಂಡೆ ತುಂಬಲು ಮನೆಗೆ ಓಡುತ್ತಿದ್ದೆವು.

ಆಮೇಲೆ ಕುಡ್ಲೆ ಕಡಲತೀರದಲ್ಲಿ ಗುಡಿಸಲು ಏಳುತ್ತಿದ್ದವು. ಮಳೆಗಾಲಕ್ಕೆ ಬಿಚ್ಚಿಟ್ಟ ಬಿದಿರು, ಮಡಲು, ಹಗ್ಗ ಎಲ್ಲ ಹೊರಬಂದು, ಕೆಂಪುಕಲ್ಲಿನ ಗುಡ್ಡ ಹತ್ತಿ ಇಳಿದು ತಲೆಹೊರೆಯಲ್ಲಿ ಕಡಲಂಚಿಗೆ ಸೇರುತ್ತಿತ್ತು. ನಮ್ಮ ಅಂಗಡಿಯಲ್ಲೂ ಕಪಾಟು ಬದಲಾಗುತ್ತಿತ್ತು. ಕೊಪ್ಪೆ, ಹಗ್ಗ ಒಳಗೆ. ಮೇಣದಬತ್ತಿ, ಸೊಳ್ಳೆಬತ್ತಿ, ಓಟ್ಸು, ಜೇನು, ಶೌಚದ ಕಾಗದ ಹೊರಗೆ. ಆ ಕಾಗದದ ಉಪಯೋಗ ತಿಳಿದ ದಿನ ಅಜ್ಜಿ ಅದನ್ನು ಬೆಲ್ಲದ ಡಬ್ಬಿಯ ಪಕ್ಕದಿಂದ ತೆಗೆಸಿ ಕಸಬರಿಗೆಯ ಪಕ್ಕ ಇಡಿಸಿದಳು. ಗುಡಿಸಲೂ ಈ ಸಾಮಾನೂ ಗೋವೆಯಿಂದ ಕೆಳಗೆ ಸರಿದು ಬಂದ ವಿದೇಶಿಯರಿಗೆ. ತಿಂಗಳುಗಟ್ಟಲೆ ಇರುತ್ತಿದ್ದರು, ಬರಿಗಾಲಲ್ಲಿ ನಡೆಯುತ್ತಿದ್ದರು. ಕುಡ್ಲೆ, ಓಂ, ಹಾಫ್‌ಮೂನ್ ಎಂದು ನಮ್ಮ ಕೊಲ್ಲಿಗಳ ಪಟ್ಟಿಯನ್ನು ನಮಗಿಂತ ಚೆನ್ನಾಗಿ ಹೇಳುತ್ತಿದ್ದರು. ನಾವು ದನ ಹುಡುಕಲು ಹೋಗುತ್ತಿದ್ದ ಗುಡ್ಡದಿಂದ ಕೆಳಗೆ ನೋಡಿದರೆ ಕಡಲತೀರ ಓಂಕಾರದ ಹಾಗೆ ಕಾಣುತ್ತದೆಂದು ನನಗೆ ಹೇಳಿದ್ದು ಅವರಲ್ಲೊಬ್ಬ. ಅದಕ್ಕೂ ಮುಂಚೆ ನನಗೆ ದನ ಮಾತ್ರ ಕಾಣುತ್ತಿತ್ತು.

ಅವರಲ್ಲಿ ಒಬ್ಬ ಮುದುಕ ಉದ್ರಿ ಪುಸ್ತಕಕ್ಕೇ ಸೇರಿಬಿಟ್ಟ. ವರ್ಷವರ್ಷವೂ ಚಳಿಗಾಲಕ್ಕೆ ಬರುತ್ತಿದ್ದವನು. ಒಂದು ಸಲ ಊರಿಂದ ಬರಬೇಕಾದ ಹಣ ತಡವಾಯಿತು. ಅಪ್ಪ ಕೇಳದೆಯೇ ಪುಟ ತೆರೆದು ‘ಕುಡ್ಲೆಯ ಉದ್ದಗಡ್ಡ’ ಎಂದು ಬರೆದ. ಮಾರ್ಚಿನಲ್ಲಿ ಅವನು ಬಾಕಿ ಉಳಿಸಿಯೇ ಹೊರಟುಹೋದ. ಅವ್ವ ತಿಂಗಳುಗಟ್ಟಲೆ ಅಪ್ಪನನ್ನು ಆಡಿಕೊಂಡಳು. ಮುಂದಿನ ನವೆಂಬರಿನಲ್ಲಿ ಆ ಮುದುಕ ಬಂದು, ಚೀಲ ಇಳಿಸುವ ಮೊದಲೇ ಪುಸ್ತಕ ಕೇಳಿ, ತನ್ನ ಪುಟದ ಮೇಲೆ ತಾನೇ ಅಡ್ಡಗೆರೆ ಎಳೆದ. ಅಪ್ಪ ಅವನಿಗೆ ಯಾವ ಮರ್ಯಾದೆಯ ಮಾತೂ ಆಡಲಿಲ್ಲ. ‘ಕಳೆದ ವರ್ಷದ ದರ, ಈಗ ಏರಿದೆ’ ಎಂದ. ನನಗೆ ತಿಳಿದಂತೆ ಹೊರಗಿನವನೊಬ್ಬನನ್ನು ಅಪ್ಪ ಊರಿನವನೆಂದು ಒಪ್ಪಿಕೊಂಡದ್ದು ಹಾಗೆ.

ಶಿವರಾತ್ರಿಯಲ್ಲಿ ಉದ್ರಿಯ ಮಾತೇ ಇಲ್ಲ. ಘಟ್ಟದ ಮೇಲಿನವರು, ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯವರು, ಲಾರಿಗಳಲ್ಲಿ, ಬಸ್ಸುಗಳಲ್ಲಿ ಬಂದು ಇಳಿಯುತ್ತಿದ್ದರು. ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕಡಲನ್ನು ಮೊದಲ ಸಲ ನೋಡುವ ಅಜ್ಜಿಯಂದಿರು ಮರಳಿನ ಅಂಚಿನಲ್ಲಿ ನಿಂತು ಕೈ ಮುಗಿದು, ಆಮೇಲೆ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ನೀರಿಗೆ ಇಳಿಯುತ್ತಿದ್ದರು. ತೆರೆ ಬಂದಾಗ ಸಾಲಿಗೆ ಸಾಲೇ ಕೂತುಬಿಡುತ್ತಿತ್ತು, ನಗು ಅಲೆಗಿಂತ ಜೋರು. ಸ್ನಾನವಾದ ಮೇಲೆ ಗಣಪತಿ, ಆಮೇಲೆ ಆತ್ಮಲಿಂಗವನ್ನು ಮುಟ್ಟಲು ಮುಗಿಯದ ಸಾಲು. ನಮ್ಮ ಜಗಲಿಯಲ್ಲಿ ಮಲಗಲು ಜಾಗ ಕೇಳುತ್ತಿದ್ದರು; ಅವ್ವ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಬೆಳಿಗ್ಗೆ ಅವರು ಬಿಟ್ಟುಹೋದ ಕಟಕ ರೊಟ್ಟಿ ನಮ್ಮ ಪಾಲು. ಹುಬ್ಬಳ್ಳಿಯಲ್ಲಿ ನಾನು ಬದುಕಿಕೊಂಡದ್ದರ ಹಿಂದೆ ಆ ರೊಟ್ಟಿಯ ರುಚಿಯ ಕೈವಾಡ ಇದ್ದೀತು.

ಮಹಾರಥೋತ್ಸವದ ದಿನ ನನ್ನ ಕೆಲಸ ಬಾಳೆಹಣ್ಣು. ಅಪ್ಪ ಗೊನೆಗಟ್ಟಲೆ ತರಿಸಿಡುತ್ತಿದ್ದ, ನಾನು ಚಿಪ್ಪು ಕತ್ತರಿಸಿ ಕೊಡಬೇಕು. ದೊಡ್ಡ ತೇರು ವರ್ಷವಿಡೀ ರಥಬೀದಿಯಲ್ಲೇ ಹೊದಿಕೆ ಹೊದ್ದು ನಿಂತಿರುತ್ತದೆ. ಹಬ್ಬಕ್ಕೆ ಅದರ ಮೇಲೆ ಗುಮ್ಮಟ ಕಟ್ಟಿ, ಕೆಂಪು ಬಿಳಿ ಪತಾಕೆಗಳಿಂದ ಮುಚ್ಚಿ, ಆಳೆತ್ತರದ ಗಾಲಿಗಳ ಆ ತೇರಿಗೆ ಹಗ್ಗ ಬಿಗಿದರೆ ಅಕ್ಕಪಕ್ಕದ ಮನೆಗಳ ಮಾಡುಗಳು ಕುಳ್ಳಗಾಗಿ ಕಾಣುತ್ತವೆ. ತೇರು ಅಲುಗಿದ ಕ್ಷಣ ಎರಡೂ ಬದಿಯ ಮಾಡುಗಳಿಂದ, ಮಹಡಿಗಳಿಂದ, ಗುಂಪಿನ ನಡುವಿನಿಂದ ಬಾಳೆಹಣ್ಣು ಹಾರುತ್ತದೆ. ಮೇಲೆ ಕೂತ ಭಟ್ಟರು ತಲೆ ತಗ್ಗಿಸಿ ಮಂತ್ರ ಮುಂದುವರಿಸುತ್ತಾರೆ. ಹತ್ತಿರದಿಂದ ಕಂಡಾಗ ಇದರಲ್ಲಿ ಭಕ್ತಿ ಎಷ್ಟು, ಗುರಿ ಹೊಡೆಯುವ ಚಟ ಎಷ್ಟು ಎಂದು ಹೇಳುವುದು ಕಷ್ಟ. ನಮ್ಮ ಓಣಿಯ ಹುಡುಗರಂತೂ ಎರಡನೆಯದಕ್ಕೇ ನಿಂತವರು. ತೇರು ದಾಟಿದ ಮೇಲೆ ಬೀದಿಯ ತುಂಬ ಜಾರುವ ಹಳದಿ ಕೆಸರು. ಊರಿನ ದನಗಳಿಗೆ ಆ ದಿನದ ಪಂಚಾಂಗ ಗೊತ್ತಿದೆಯೇನೋ ಎಂಬಂತೆ ಸರಿಯಾದ ಹೊತ್ತಿಗೆ ಬಂದು ನಿಲ್ಲುತ್ತಿದ್ದವು. ಆ ರಾತ್ರಿ ಅಪ್ಪ ಚಿಲ್ಲರೆಯನ್ನು ಚಾಪೆಯ ಮೇಲೆ ಸುರಿದು ಎಣಿಸುತ್ತಿದ್ದ. ಮೇ ತಿಂಗಳ ಕುಮಟೆಯ ಖರೀದಿಗೆ ದುಡ್ಡು ಅಲ್ಲಿಂದಲೇ. ಘಟ್ಟದವರ ನಗದು ಮಳೆಗಾಲದಲ್ಲಿ ಮೀನುಗಾರರ ಅಕ್ಕಿಯಾಗುತ್ತಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ನಾನೇ ಲೆಕ್ಕದ ಕೆಲಸಕ್ಕೆ ಸೇರಿದಾಗ.

ಹೋಳಿಯ ಮುಂಚೆ ಹಾಲಕ್ಕಿಗಳ ಸುಗ್ಗಿ ತಂಡ, ತಲೆಯ ಮೇಲೆ ಬಣ್ಣದ ತುರಾಯಿ, ಗುಮಟೆಯ ಸದ್ದು. ವೈಶಾಖದ ಹುಣ್ಣಿಮೆಗೆ ಅಂಕೋಲೆಯ ಬಂಡಿ ಹಬ್ಬ, ಅದಾದ ಮೇಲೆ ಕರಿ ಈಶಾಡು ಮಾವು. ಅಲ್ಲಿಗೆ ಮತ್ತೆ ಮೇ ಬಂತು.

1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಗೋಕರ್ಣ ರೋಡ್ ನಿಲ್ದಾಣ ಇರುವುದು ಊರಿನಲ್ಲಲ್ಲ, ಮಾದನಗೇರಿಯ ಬಳಿ. ಆದರೂ ಊರು ಹತ್ತಿರವಾಯಿತು. ನಿಜವಾದ ಬದಲಾವಣೆ ತಂದದ್ದು ರೈಲಲ್ಲ, ಶುಕ್ರವಾರ ರಾತ್ರಿ ಬೆಂಗಳೂರು ಬಿಡುವ ಬಸ್ಸುಗಳು. ಶನಿವಾರ ಬೆಳಿಗ್ಗೆ ಇಳಿದು, ಭಾನುವಾರ ಸಂಜೆ ಹತ್ತುವವರು. ಅವರನ್ನು ದೂರುವುದು ನನ್ನಿಂದಾಗದು, ನನ್ನ ತಮ್ಮನ ಮಕ್ಕಳ ಫೀಸು ಅವರದೇ. ಆದರೆ ಆ ಉದ್ದಗಡ್ಡ ಐದು ತಿಂಗಳಲ್ಲಿ ಊರಿಗೆ ಆದಷ್ಟು ಪರಿಚಯ, ಒಂದೂವರೆ ದಿನದಲ್ಲಿ ಯಾರಿಗೆ ಸಾಧ್ಯ? ಅವರಿಗೆ ಊರು ಗೊತ್ತಾಗದು, ಊರಿಗೆ ಅವರು ಗೊತ್ತಾಗರು. ಜೊತೆಗೆ ಅವರು ಮಳೆಗಾಲದಲ್ಲೂ ಬರುತ್ತಾರೆ. ಜುಲೈನ ಕಡಲು ಹಸಿರುಗಪ್ಪಾಗಿ ಕುದಿಯುವುದನ್ನು ನೋಡಲು ಬಂದು, ಕೆಂಪು ಬಾವುಟದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಬಾವುಟ ದಾಟಿ ಇಳಿಯುತ್ತಾರೆ. ಲೈಫ್‌ಗಾರ್ಡಿನ ಸೀಟಿ ಹಗಲಿಡೀ ಕೇಳುತ್ತಲೇ ಇರುತ್ತದೆ. ಎಷ್ಟೋ ಸಲ ಸೀಟಿಯೂ ತಡವಾಗಿದೆ. ಕಡಲ ಮೇಲೆ ಬದುಕುವವರು ಇಳಿಯದ ತಿಂಗಳಲ್ಲಿ, ಕಡಲು ನೋಡಲು ಬಂದವರು ಇಳಿಯುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಅಪ್ಪ ಹೋದ ಮೇಲೆ ಕೆಂಪು ಪುಸ್ತಕ ಕೆಲವು ವರ್ಷ ನಡೆದು, ತಾನಾಗಿ ನಿಂತಿತು. ತಮ್ಮ ಯಾರಿಗೂ ಇಲ್ಲವೆಂದು ಹೇಳಲಿಲ್ಲ. ಮೀನುಗಾರರ ಮನೆಗಳಲ್ಲೂ ಒಬ್ಬ ಹುಡುಗ ರೆಸಾರ್ಟಿನಲ್ಲಿ, ಇನ್ನೊಬ್ಬ ಸ್ಕೂಟರು ಬಾಡಿಗೆಗೆ ಕೊಡುವ ಕೆಲಸದಲ್ಲಿ. ಜೂನ್‌ನಲ್ಲೂ ಸಂಬಳ ಬರುತ್ತದೆ. ಅದು ಒಳ್ಳೆಯದೇ. ಕೈ ಚಾಚಿ ನಿಲ್ಲುವ ಮಳೆಗಾಲ ಮತ್ತೆ ಬರಲಿ ಎಂದು ಹೇಳಲು ನಾನ್ಯಾರು, ಅದನ್ನು ಗಲ್ಲಾದ ಈಚೆ ಕಡೆಯಿಂದ ಮಾತ್ರ ನೋಡಿದವನು.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿಯಿತು. ಹುಬ್ಬಳ್ಳಿಯಿಂದ ಊರಿಗೆ ಹೋಗುವಾಗ ಅಂಕೋಲೆ ದಾಟಿದ ಮೇಲೆ ಸಿಗುವ ಜಾಗ ಅದು. ಹೆದ್ದಾರಿ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತ ವಾಹನಗಳು ಮಣ್ಣಿನಡಿ ಸೇರಿ ಗಂಗಾವಳಿಗೆ ಬಿದ್ದವು. ನದಿ ಎದ್ದು ಆಚೆ ದಡದ ಉಳವರೆಯ ಮನೆಗಳಿಗೆ ನುಗ್ಗಿತು. ಲಾರಿ ಚಾಲಕರು ಇಳಿದು ಚಹಾ ಕುಡಿಯುತ್ತಿದ್ದ ಆ ಅಂಗಡಿಯನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದವನು ನಾನು. ಗುಡ್ಡವನ್ನು ಕಡಿದು ರಸ್ತೆ ಅಗಲಿಸಿದ ರೀತಿಯ ಬಗ್ಗೆ ಜನ ಮುಂಚಿನಿಂದಲೂ ಆಡಿಕೊಳ್ಳುತ್ತಿದ್ದರು. ಅಂದು ಆಡುವುದಕ್ಕೂ ಬಾಯಿ ಬರಲಿಲ್ಲ. ಹೆದ್ದಾರಿ ಹಲವು ದಿನ ಮುಚ್ಚಿತು. ವಾರಾಂತ್ಯದ ಜನ ಬರುವುದು ನಿಂತಿತು. ರೆಸಾರ್ಟುಗಳು ಹುಡುಗರನ್ನು ಸಂಬಳವಿಲ್ಲದ ರಜೆಯ ಮೇಲೆ ಮನೆಗೆ ಕಳಿಸಿದವು.

ಆ ವಾರದಲ್ಲೇ ಒಂದು ಸಂಜೆ ತಮ್ಮ ಫೋನು ಮಾಡಿದ್ದ. ಮೀನು ಮಾರುವ ಅಕ್ಕ ಒಬ್ಬಳು ಅಂಗಡಿಗೆ ಬಂದು ಅಕ್ಕಿ, ಎಣ್ಣೆ, ಚಹಾಪುಡಿ ಕಟ್ಟಿಸಿಕೊಂಡಳಂತೆ. ಇವನು ಅಭ್ಯಾಸಬಲದಿಂದ ಗಲ್ಲಾದ ಮೇಲಿನ ಕ್ಯೂಆರ್ ಕೋಡ್ ತೋರಿಸಿದ. ಅವಳು ಅದನ್ನು ಒಮ್ಮೆ, ಇವನನ್ನು ಒಮ್ಮೆ ನೋಡಿ, ‘ಬರ್ಕೊ ತಮಾ, ನಿನ್ನಪ್ಪ ಬರ್ಕಳ್ತಿದ್ದ’ ಎಂದಳು.

‘ಪುಸ್ತಕ ಎಲ್ಲದೆ ಅಕ್ಕಾ ಈಗ?’ ಎಂದು ಇವನು.

‘ಪುಸ್ತಕ ಇಲ್ದಿದ್ರೆ ಮೊಬೈಲಲ್ಲಿ ಬರ್ಕೊ. ಅದರಾಗೆ ಎಲ್ಲ ಆಗ್ತದಂತಲ್ಲ.’

ಬರೆದುಕೊಂಡನಂತೆ. ಹೆಸರಿನ ಜಾಗದಲ್ಲಿ ಏನು ಹಾಕಿದೆ ಎಂದು ಕೇಳಿದೆ. ‘ಬಾವಿಕಟ್ಟೆಯ ಮನೆ’ ಎಂದ. ಆ ಬಾವಿ ಮುಚ್ಚಿ ಪಾರ್ಕಿಂಗ್ ಮಾಡಿ ಎಷ್ಟೋ ವರ್ಷವಾಯಿತು. ಆಗಸ್ಟಿನಲ್ಲಿ ದೋಣಿ ಇಳಿದ ಮೇಲೆ ಅವಳು ಅರ್ಧ ಕೊಟ್ಟಳು. ಉಳಿದರ್ಧಕ್ಕೆ ಬಂಗಡೆ ಕೊಡುತ್ತೇನೆಂದು ಹೇಳಿ, ಮಾರುಕಟ್ಟೆಗಿಂತ ಹೆಚ್ಚು ದರ ಹಿಡಿದಳಂತೆ.